ರೆಕ್ಕೆ ಮಾರಾಟಕ್ಕೆ ಬೀಗ ಬಿತ್ತು, ಶಾರ್ಕ್ ಸಾಯುವುದು ನಿಂತಿಲ್ಲ

2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಶಾರ್ಕ್, ತೊರಕೆ, ಗರಗಸ ಮೀನು, ಹೀಗೆ ಗಟ್ಟಿ ಮೂಳೆಯ ಬದಲು ಮೆದು ಮೂಳೆ ಇರುವ ಈ ಬಳಗದ ಅಷ್ಟೂ ಮೀನುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ, ಆನೆ ಇರುವ ಪಟ್ಟಿ ಅದು. ಮಲ್ಪೆ ಬಂದರಿನಲ್ಲಿ ಒಂದು ಬುಟ್ಟಿ ತಾಟೆ ಮೀನು (ಕರಾವಳಿಯಲ್ಲಿ ಶಾರ್ಕಿಗೆ ಹೀಗೆನ್ನುತ್ತಾರೆ) ಇಳಿಸಿದವನೂ ಕಾಡಿನಲ್ಲಿ ಹುಲಿ ಹೊಡೆದವನೂ ಕಾನೂನಿನ ಕಣ್ಣಿಗೆ ಒಂದೇ ಆಗಿಬಿಟ್ಟರು.

ಮೀನುಗಾರರು ಸುಮ್ಮನಿರಲಿಲ್ಲ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರಂತೂ ತಲೆಮಾರುಗಳಿಂದ ಆಳ ಸಮುದ್ರದಲ್ಲಿ ಶಾರ್ಕ್ ಹಿಡಿದೇ ಬದುಕಿದವರು. ಉಳಿದವರದ್ದು ಇನ್ನೊಂದು ಪ್ರಶ್ನೆ: ನಾವು ಬಂಗುಡೆಗೂ ಸಿಗಡಿಗೂ ಬಲೆ ಬೀಸುತ್ತೇವೆ, ನಡುವೆ ಶಾರ್ಕ್ ತಾನಾಗಿ ಬಂದು ಬಿದ್ದರೆ ನಾವೇನು ಮಾಡಬೇಕು? ಸರ್ಕಾರದ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 5ರಂದು ಆದೇಶ ಬದಲಾಯಿತು. ಪಟ್ಟಿಯಲ್ಲಿ ಉಳಿದದ್ದು ಬರೀ 10 ಪ್ರಭೇದ.

ಆ ಹತ್ತರಲ್ಲಿ ತಿಮಿಂಗಿಲ ಶಾರ್ಕ್ ಇತ್ತು, ಗರಗಸ ಮೀನುಗಳಿದ್ದವು, ಗಂಗಾ ನದಿಯ ಶಾರ್ಕ್ ಇತ್ತು. ಪಾಂಡಿಚೇರಿ ಶಾರ್ಕ್ ಕೂಡ ಇತ್ತು. 1970ರ ದಶಕದ ನಂತರ ಅದನ್ನು ಕಂಡವರೇ ಅಪರೂಪ. ಆದರೆ ರೆಕ್ಕೆ ವ್ಯಾಪಾರಿಗಳು ಮೈಮೇಲೆ ಬಿದ್ದು ಕೊಳ್ಳುವ ಹ್ಯಾಮರ್‌ಹೆಡ್ ಶಾರ್ಕ್‌ಗಳು ಇರಲಿಲ್ಲ. ಮಾರುಕಟ್ಟೆಗೆ ಬರುವುದನ್ನು ಬಿಟ್ಟು, ಮಾರುಕಟ್ಟೆಯಲ್ಲಿ ಹೆಚ್ಚೂಕಡಿಮೆ ಸಿಗದೇ ಇರುವುದಕ್ಕೆ ಹೆಚ್ಚು ಕಾವಲು ಹಾಕಿದ ಹಾಗಾಯಿತು.

ಈ ಐದು ತಿಂಗಳ ಕಥೆಯಲ್ಲಿ ಜಗತ್ತಿನ ಎಲ್ಲ ಸರ್ಕಾರಗಳ ಪಾಡೂ ಇದೆ. ಶಾರ್ಕ್ ರೆಕ್ಕೆ ವ್ಯಾಪಾರ ನಿಲ್ಲಿಸಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಕಾನೂನು ಎಲ್ಲಿ ಕಚ್ಚಬೇಕು ಎನ್ನುವುದರಲ್ಲೇ ಎಡವುತ್ತಾರೆ. ಮೊದಲು ರೆಕ್ಕೆ ಕತ್ತರಿಸುವ ಚಾಕುವನ್ನು ಹಿಡಿದರು. ಆಮೇಲೆ ರೆಕ್ಕೆ ಹಿಡಿದರು. ಆಮೇಲೆ ಕಂಟೈನರ್ ಹಿಡಿದರು. ಶಾರ್ಕ್ ಸಾಯುವ ಜಾಗವಾದ ಬಲೆಯ ಹತ್ತಿರ ಬಂದವರು ಮಾತ್ರ ಕಡಿಮೆ.

ಅಷ್ಟಕ್ಕೂ ಆ ರೆಕ್ಕೆಯಲ್ಲಿ ಏನಿದೆ? ರುಚಿಯಂತೂ ಇಲ್ಲ. ಒಣಗಿಸಿ, ಚರ್ಮ ಸುಲಿದು, ಬೇಯಿಸಿದರೆ ಒಳಗಿನ ನಾರುಗಳು ಪಾರದರ್ಶಕ ಶ್ಯಾವಿಗೆಯ ಹಾಗೆ ಬಿಡಿಸಿಕೊಳ್ಳುತ್ತವೆ. ಸೂಪಿಗೆ ರುಚಿ ಬರುವುದು ಕೋಳಿ ಮತ್ತು ಹಂದಿ ಮಾಂಸದ ರಸದಿಂದ. ಆದರೂ ಚೀನಾ, ಹಾಂಗ್‌ಕಾಂಗ್, ತೈವಾನ್, ಸಿಂಗಪುರದ ಚೀನೀ ಕುಟುಂಬಗಳಲ್ಲಿ ಮದುವೆ ಊಟಕ್ಕೆ ಈ ಸೂಪು ಬಡಿಸುವುದು ಹಳೆಯ ಪ್ರತಿಷ್ಠೆ. 1980ರ ನಂತರ ಚೀನಾದಲ್ಲಿ ದುಡ್ಡು ಬಂತು. ಅರಮನೆಯ ಊಟ ಮಧ್ಯಮ ವರ್ಗದ ಮೇಜಿಗೂ ಬಂತು. ಬೇಡಿಕೆ ಏರಿತು.

ಶಾರ್ಕ್‌ಗೆ ಈ ಏರಿಕೆ ತಡೆದುಕೊಳ್ಳುವ ಶಕ್ತಿ ಇಲ್ಲ. ಬೂತಾಯಿ, ಬಂಗುಡೆಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ, ಬೇಗ ಬೆಳೆಯುತ್ತವೆ. ದೊಡ್ಡ ಶಾರ್ಕ್‌ಗಳು ಮರಿ ಹಾಕುವ ವಯಸ್ಸಿಗೆ ಬರಲು ಎಷ್ಟೋ ವರ್ಷ ಬೇಕು. ಅನೇಕ ಜಾತಿಗಳಲ್ಲಿ ಬಸಿರು ಒಂದು ವರ್ಷ, ಕೆಲವಕ್ಕೆ ಎರಡು ವರ್ಷ. ಹುಟ್ಟುವುದು ಕೆಲವೇ ಮರಿಗಳು. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ 71ರಷ್ಟು ಕುಸಿದಿದೆ ಎಂದು 2021ರಲ್ಲಿ ಬಂದ ಅಧ್ಯಯನ ಹೇಳಿತು.

ಈಗ ಚಾಕುವಿನ ವಿಷಯ. ದೂರದ ಸಮುದ್ರದಲ್ಲಿ ಟ್ಯೂನಾ ಹಿಡಿಯುವ ಹಡಗಿಗೆ ಶಾರ್ಕ್ ಮಾಂಸ ಒಂದು ತಲೆನೋವು. ಅದಕ್ಕೆ ಬೆಲೆ ಕಡಿಮೆ. ರಕ್ತದಲ್ಲಿ ಯೂರಿಯಾ ಜಾಸ್ತಿ, ಬೇಗ ಅಮೋನಿಯಾ ವಾಸನೆ ಹೊಡೆಯುತ್ತದೆ. ಹಡಗಿನ ತಣ್ಣನೆಯ ಕೋಣೆಯಲ್ಲಿ ಟ್ಯೂನಾಗೆ ಇಡಬೇಕಾದ ಜಾಗವನ್ನೂ ತಿನ್ನುತ್ತದೆ. ಆದರೆ ರೆಕ್ಕೆಗೆ ಒಳ್ಳೆಯ ದುಡ್ಡು, ಒಣಗಿಸಿದರೆ ಜಾಗವೂ ಬೇಡ. ಹಾಗಾಗಿ ರೆಕ್ಕೆ ಕತ್ತರಿಸಿ, ಎಷ್ಟೋ ಸಲ ಜೀವ ಇರುವಾಗಲೇ, ದೇಹವನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಈಜಲಾಗದ ಶಾರ್ಕ್ ಮುಳುಗಿ ಸಾಯುತ್ತದೆ. ಇದಕ್ಕೆ ಫಿನ್ನಿಂಗ್ ಎನ್ನುತ್ತಾರೆ. ಈ ದೃಶ್ಯಗಳು ಟಿವಿಯಲ್ಲಿ ಬಂದಾಗ ಪಶ್ಚಿಮದ ದೇಶಗಳಲ್ಲಿ ಜನ ಸಿಟ್ಟಾದರು. ಮೊದಲ ಕಾನೂನುಗಳೆಲ್ಲ ಆ ಸಿಟ್ಟಿನ ಫಲ. ಕೆನಡಾ 1994ರಲ್ಲಿ, ಅಮೆರಿಕ 2000ದಲ್ಲಿ, ಯುರೋಪಿಯನ್ ಒಕ್ಕೂಟ 2003ರಲ್ಲಿ ಫಿನ್ನಿಂಗ್ ನಿಷೇಧಿಸಿದವು.

ನಿಷೇಧ ಏನೋ ಆಯಿತು. ದೇಹ ಎಸೆದಿಲ್ಲ ಎಂದು ಬಂದರಿನಲ್ಲಿ ನಿಂತ ಅಧಿಕಾರಿ ಪತ್ತೆ ಮಾಡುವುದು ಹೇಗೆ? ಅದಕ್ಕೊಂದು ಲೆಕ್ಕ ತಂದರು. ಹಡಗಿನಲ್ಲಿರುವ ರೆಕ್ಕೆಗಳ ತೂಕ, ದೇಹಗಳ ತೂಕದ ಶೇ 5 ಮೀರಬಾರದು. ಓದಲು ಚೆನ್ನಾಗಿದೆ ಅಲ್ವಾ? ತೊಂದರೆ ಇದ್ದದ್ದು ವಿವರದಲ್ಲಿ. ಅಮೆರಿಕದಲ್ಲಿ ಶೇ 5 ಎಂದರೆ ತಲೆ, ಕರುಳು ತೆಗೆದು ಹಸನು ಮಾಡಿದ ದೇಹದ ಶೇ 5. ಯುರೋಪಿನಲ್ಲಿ ಅದು ಇಡೀ ಶಾರ್ಕಿನ ತೂಕದ ಶೇ 5. ಎರಡರ ನಡುವೆ ಬಹಳ ಅಂತರ. ಮೇಲಾಗಿ ಒಂದೊಂದು ಜಾತಿಯ ರೆಕ್ಕೆಗೂ ಒಂದೊಂದು ತೂಕ. ಹೇಗೆ ಕತ್ತರಿಸಿದರು, ಎಷ್ಟು ಒಣಗಿಸಿದರು ಎನ್ನುವುದರ ಮೇಲೂ ತೂಕ ಬದಲಾಗುತ್ತದೆ. ಲೆಕ್ಕದ ಒಳಗೇ ಇದ್ದುಕೊಂಡು ಒಂದಷ್ಟು ಶಾರ್ಕ್‌ಗಳ ದೇಹ ಎಸೆದು ಬರಲು ದಾರಿ ಇತ್ತು.

ಅದಕ್ಕಿಂತ ದೊಡ್ಡ ತೂತು ಬಯಲಾಗಿದ್ದು ಕಿಂಗ್ ಡೈಮಂಡ್ 2 ಎಂಬ ಹಡಗಿನ ಪ್ರಕರಣದಲ್ಲಿ. 2002ರ ಆಗಸ್ಟ್‌ನಲ್ಲಿ ಗ್ವಾಟೆಮಾಲಾದಿಂದ ದೂರದ ಸಮುದ್ರದಲ್ಲಿ ಅಮೆರಿಕದ ಕರಾವಳಿ ಪಡೆ ಅದನ್ನು ತಡೆದಾಗ ಒಳಗೆ 29 ಟನ್‌ಗೂ ಹೆಚ್ಚು ರೆಕ್ಕೆ ಇತ್ತು. ಶಾರ್ಕಿನ ದೇಹ ಒಂದೂ ಇರಲಿಲ್ಲ. ಆ ಹಡಗು ಮೀನು ಹಿಡಿದೇ ಇರಲಿಲ್ಲ. ಸಮುದ್ರದ ನಡುವೆ ಬೇರೆ ದೋಣಿಗಳಿಂದ ರೆಕ್ಕೆ ಕೊಂಡು ಒಟ್ಟು ಮಾಡಿ ಸಾಗಿಸುತ್ತಿತ್ತು. ಸರ್ಕಾರ ಸರಕು ಜಪ್ತಿ ಮಾಡಿತು. ಮಾಲೀಕರು ಕೋರ್ಟಿಗೆ ಹೋದರು. ಕಾನೂನು ಹೇಳುವುದು ಮೀನು ಹಿಡಿಯುವ ಹಡಗಿನ ಬಗ್ಗೆ, ನಮ್ಮದು ಸರಕು ಹಡಗು ಎಂದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಮಾತು ಒಪ್ಪಿತು. 29 ಟನ್ ರೆಕ್ಕೆ ಎದುರಿಗಿದ್ದೂ ಸರ್ಕಾರ ಸೋತಿತು.

ಇದರ ಮೇಲೆ ಅಮೆರಿಕದಲ್ಲಿ 2010ರ ಹೊಸ ಕಾಯ್ದೆ ಬಂತು. ಯಾವ ಹಡಗೇ ಇರಲಿ, ಶಾರ್ಕ್ ದಡಕ್ಕೆ ಬರುವಾಗ ರೆಕ್ಕೆ ದೇಹಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು ಎಂದಿತು. ತೂಕ, ಶೇಕಡಾವಾರು, ವಾದ ಏನೂ ಬೇಡ. ಕಣ್ಣಿಂದ ನೋಡಿದರೆ ಸಾಕು. ಯುರೋಪ್ 2013ರಲ್ಲಿ ಇದೇ ನಿಯಮಕ್ಕೆ ಬಂತು. ಇಷ್ಟು ಸರಳ ಕಾನೂನಿಗೂ ಅಮೆರಿಕದ ಸಂಸದರು ಒಂದು ಜಾತಿಗೆ ರಿಯಾಯಿತಿ ಕೊಟ್ಟರು. ಸ್ಮೂತ್ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕಿಗೆ ಮಾತ್ರ ಶೇ 12ರ ತೂಕದ ಲೆಕ್ಕ. ಮೀನುಗಾರರ ಮತ ಎಲ್ಲ ದೇಶದಲ್ಲೂ ಮತವೇ.

ರೆಕ್ಕೆ ದೇಹಕ್ಕೆ ಅಂಟಿಕೊಂಡೇ ಇರಬೇಕು ಎನ್ನುವ ನಿಯಮವನ್ನು ಭಾರತ 2013ರ ಆಗಸ್ಟ್‌ನಲ್ಲಿ ತಂದಿತು. ಇಲ್ಲಿ ನನಗೊಂದು ತಕರಾರಿದೆ. ಫಿನ್ನಿಂಗ್ ನಡೆಯುವುದು ಮಾಂಸಕ್ಕೆ ಬೆಲೆ ಇಲ್ಲದ ಕಡೆ. ನಮ್ಮ ಕರಾವಳಿಯಲ್ಲಿ ತಾಟೆ ಮೀನಿನ ಪುಳಿಮುಂಚಿ ಮಾಡುತ್ತಾರೆ, ಉಪ್ಪು ಹಾಕಿ ಒಣಗಿಸುತ್ತಾರೆ. ಕೊಂಕಣಿ ಮನೆಗಳಲ್ಲಿ ಮೋರಿ ಎಂದರೆ ಅದೇ. ತಮಿಳುನಾಡು, ಕೇರಳದಲ್ಲೂ ತಿನ್ನುತ್ತಾರೆ. ಇಲ್ಲಿ ಶಾರ್ಕ್ ದೇಹವನ್ನು ಸಮುದ್ರಕ್ಕೆ ಎಸೆಯುವ ದೋಣಿ ಅಪರೂಪ. ಬೇರೆ ಸಮುದ್ರದ ಕಾಯಿಲೆಗೆ ಬರೆದ ಔಷಧಿಯನ್ನು ನಾವು ತಂದು ಕುಡಿದೆವು. ಅಡ್ಡ ಪರಿಣಾಮ ಏನೂ ಆಗಲಿಲ್ಲ, ಗುಣವೂ ಆಗಲಿಲ್ಲ.

2015ರ ಫೆಬ್ರುವರಿಯಲ್ಲಿ ವಾಣಿಜ್ಯ ಸಚಿವಾಲಯ ಇನ್ನೂ ಗಟ್ಟಿ ಹೆಜ್ಜೆ ಇಟ್ಟಿತು. ಯಾವುದೇ ಜಾತಿಯ ಶಾರ್ಕಿನ ರೆಕ್ಕೆಯನ್ನೂ ರಫ್ತು ಮಾಡುವಂತಿಲ್ಲ ಎಂದು ಪೂರ್ತಿ ನಿಷೇಧ ಹಾಕಿತು. ಇದರ ಹಿನ್ನೆಲೆಗೆ ಸೈಟಿಸ್ ಏನೆಂದು ತಿಳಿಯಬೇಕು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು. ಅದರ ಮೊದಲ ಪಟ್ಟಿಗೆ ಸೇರಿದರೆ ವ್ಯಾಪಾರ ಹೆಚ್ಚೂಕಡಿಮೆ ಬಂದ್. ಎರಡನೇ ಪಟ್ಟಿಯಲ್ಲಿದ್ದರೆ ವ್ಯಾಪಾರ ಮಾಡಬಹುದು, ಆದರೆ ಈ ರಫ್ತಿನಿಂದ ಆ ಜಾತಿಯ ಉಳಿವಿಗೆ ಧಕ್ಕೆ ಇಲ್ಲ ಎಂದು ದೇಶದ ವಿಜ್ಞಾನಿಗಳು ಹೇಳಿರಬೇಕು. 2002ರಲ್ಲಿ ಮೊದಲ ಸಲ ತಿಮಿಂಗಿಲ ಶಾರ್ಕ್ ಮತ್ತು ಬಾಸ್ಕಿಂಗ್ ಶಾರ್ಕ್ ಎರಡನೇ ಪಟ್ಟಿಗೆ ಬಂದವು. 2013ರ ಬ್ಯಾಂಕಾಕ್ ಸಭೆಯಲ್ಲಿ ಮೂರು ಜಾತಿಯ ಹ್ಯಾಮರ್‌ಹೆಡ್, ಓಶಿಯಾನಿಕ್ ವೈಟ್‌ಟಿಪ್, ಪೋರ್‌ಬೀಗಲ್ ಮತ್ತು ಮಾಂಟಾ ತೊರಕೆಗಳು ಸೇರಿದವು. 2014ರ ಸೆಪ್ಟೆಂಬರ್‌ನಿಂದ ಅದು ಜಾರಿಗೆ ಬಂತು. ಭಾರತದ ಪೂರ್ತಿ ನಿಷೇಧ ಬಂದದ್ದು ಅದಾಗಿ ಕೆಲವೇ ತಿಂಗಳಿಗೆ.

ಯಾಕೆಂದು ಊಹಿಸುವುದು ಕಷ್ಟವಲ್ಲ. ಒಣಗಿದ ರೆಕ್ಕೆಗಳ ಮೂಟೆ ಬಿಚ್ಚಿ ಇದು ಯಾವ ಜಾತಿ ಎಂದು ಹೇಳುವುದು ಸುಲಭದ ಕೆಲಸವಲ್ಲ. ಬೆನ್ನಿನ ಮೇಲಿನ ಮೊದಲ ರೆಕ್ಕೆ ಚರ್ಮದ ಸಮೇತ ಇದ್ದರೆ ಆಕಾರ, ಬಣ್ಣ ನೋಡಿ ಕೆಲವನ್ನು ಗುರುತಿಸಬಹುದು. ವೈಟ್‌ಟಿಪ್‌ಗೆ ದುಂಡನೆಯ ಬಿಳಿ ತುದಿ ಇರುತ್ತದೆ. ಸುಲಿದು ನಾರು ಮಾಡಿದ ಮೇಲೆ ಡಿಎನ್‌ಎ ಪರೀಕ್ಷೆಯೇ ಗತಿ. ಜಾತಿ ಜಾತಿಗೆ ಲೆಕ್ಕ ಇಟ್ಟು ಪ್ರಮಾಣಪತ್ರ ಕೊಡುವುದಕ್ಕಿಂತ ಎಲ್ಲಕ್ಕೂ ಬೇಡ ಎನ್ನುವುದು ಸುಲಭ. ಕಸ್ಟಮ್ಸ್ ಅಧಿಕಾರಿಗೂ ಕೆಲಸ ಹಗುರ: ರೆಕ್ಕೆ ಕಂಡರೆ ಅಪರಾಧ.

ಆದರೆ ದೇಶದ ಒಳಗೆ ಪಟ್ಟಿಯಲ್ಲಿಲ್ಲದ ಶಾರ್ಕ್ ಹಿಡಿಯುವುದು, ಮಾರುವುದು, ತಿನ್ನುವುದು ತಪ್ಪಲ್ಲ. ಹಿಡಿದ ಪ್ರತಿ ಶಾರ್ಕಿನ ಜೊತೆ ರೆಕ್ಕೆ ದಡಕ್ಕೆ ಬಂದೇ ಬರುತ್ತದೆ. ದೇಶದಲ್ಲಿ ಅದನ್ನು ತಿನ್ನುವವರಿಲ್ಲ, ಹೊರಗೆ ಕಳಿಸುವಂತಿಲ್ಲ. ಅದು ಎಲ್ಲಿಗೆ ಹೋಗಬೇಕು?

ಉತ್ತರ 2018ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಕಂದಾಯ ಗುಪ್ತಚರ ನಿರ್ದೇಶನಾಲಯ ಮುಂಬೈನ ಶಿವಡಿ ಮತ್ತು ಗುಜರಾತಿನ ವೆರಾವಲ್‌ನಲ್ಲಿ ಗೋದಾಮುಗಳ ಮೇಲೆ ದಾಳಿ ಮಾಡಿ ಸುಮಾರು 8,000 ಕಿಲೋ ರೆಕ್ಕೆ ಹಿಡಿಯಿತು. ನಾಲ್ವರ ಬಂಧನವಾಯಿತು. ಬೇರೆ ಒಣ ಮೀನು ಸರಕಿನ ಹೆಸರು ಬರೆದು ಹಾಂಗ್‌ಕಾಂಗ್, ಚೀನಾಕ್ಕೆ ಕಳಿಸುತ್ತಿದ್ದರು ಎನ್ನುವುದು ಆರೋಪ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ ಮತ್ತು ಡಬ್ಲ್ಯುಡಬ್ಲ್ಯುಎಫ್ ಇಂಡಿಯಾ ಸೇರಿ ಮಾಡಿದ ವಿಶ್ಲೇಷಣೆ ಪ್ರಕಾರ 2010ರಿಂದ 2022ರವರೆಗೆ ದೇಶದಲ್ಲಿ ಜಪ್ತಿಯಾದ ಶಾರ್ಕ್ ಸರಕು ಹತ್ತಿರ ಹತ್ತಿರ 16 ಟನ್. ಪ್ರಕರಣಗಳಲ್ಲಿ ತಮಿಳುನಾಡಿನದೇ ಸಿಂಹಪಾಲು, ಅದರ ಹಿಂದಿನ ಸಾಲಿನಲ್ಲಿ ಕರ್ನಾಟಕವೂ ಇದೆ. ಸರಕು ಹೊರಟಿದ್ದದ್ದು ಸಿಂಗಪುರ, ಹಾಂಗ್‌ಕಾಂಗ್, ಶ್ರೀಲಂಕಾ, ಚೀನಾ ಕಡೆಗೆ. ಇದು ಸಿಕ್ಕಿಬಿದ್ದ ಲೆಕ್ಕ ಮಾತ್ರ.

ನಿಷೇಧಕ್ಕೆ ಮೊದಲು ಬಂದರಿನ ಹರಾಜಿನಲ್ಲಿ ದೊಡ್ಡ ಶಾರ್ಕಿನ ಬೆಲೆಯಲ್ಲಿ ರೆಕ್ಕೆಯ ಪಾಲೂ ಸೇರಿರುತ್ತಿತ್ತು. ನಿಷೇಧದ ನಂತರ ಆ ಪಾಲು ಹಿಡಿದವನ ಕೈತಪ್ಪಿತು. ಕದ್ದು ಸಾಗಿಸುವ ಎದೆಗಾರಿಕೆ ಇದ್ದವನ ಜೇಬಿಗೆ ಹೋಯಿತು. ತೂತ್ತೂರಿನವರ ಸಿಟ್ಟಿಗೆ ಕಾರಣ ಇಲ್ಲಿದೆ.

ಕೊಳ್ಳುವ ಕಡೆ ಏನಾಯಿತು ಎನ್ನುವುದು ಇನ್ನೂ ಸ್ವಾರಸ್ಯ. ಹಾಂಗ್‌ಕಾಂಗ್ ದಶಕಗಳಿಂದ ಈ ವ್ಯಾಪಾರದ ನಡುಮನೆ. 2020ರ ವಸಂತದಲ್ಲಿ ಅಲ್ಲಿನ ಕಸ್ಟಮ್ಸ್ ಈಕ್ವೆಡಾರ್‌ನಿಂದ ಬಂದ ಎರಡು ಕಂಟೈನರ್ ತೆರೆದಾಗ 26 ಟನ್ ರೆಕ್ಕೆ ಸಿಕ್ಕಿತು. ಸುಮಾರು 38,500 ಶಾರ್ಕ್‌ಗಳದ್ದು. ಮರುವರ್ಷ ವನ್ಯಜೀವಿ ಕಳ್ಳಸಾಗಣೆಯನ್ನು ಸಂಘಟಿತ ಅಪರಾಧದ ಕಾನೂನಿನಡಿ ತಂದರು. ಸಾಗಿಸುವ ಕೂಲಿಯ ಬದಲು ಹಿಂದಿರುವ ದಣಿಯನ್ನು ಹಿಡಿಯಲು, ಆಸ್ತಿ ಮುಟ್ಟಲು ಇದರಿಂದ ದಾರಿಯಾಯಿತು.

ಚೀನಾದ ಮುಖ್ಯ ಭೂಭಾಗದಲ್ಲಿ ಬೇಡಿಕೆ ಬಿದ್ದದ್ದು ಬೇರೆಯೇ ಕಾರಣಕ್ಕೆ. ಬ್ಯಾಸ್ಕೆಟ್‌ಬಾಲ್ ತಾರೆ ಯಾವೊ ಮಿಂಗ್ 2006ರಿಂದ ಈ ಸೂಪು ಬಿಡಿ ಎಂದು ಪ್ರಚಾರ ಮಾಡುತ್ತಿದ್ದ. ಅದರ ಪರಿಣಾಮ ಆಯಿತು, ಇಲ್ಲ ಎನ್ನುವಂತಿಲ್ಲ. ಆದರೆ 2012ರಲ್ಲಿ ಸರ್ಕಾರಿ ಔತಣಗಳಿಂದ ಶಾರ್ಕ್ ರೆಕ್ಕೆ ತೆಗೆಯುವುದಾಗಿ ಸರ್ಕಾರ ಹೇಳಿತು, 2013ರ ಕೊನೆಯಲ್ಲಿ ನಿಯಮವನ್ನೇ ಮಾಡಿತು. ಷಿ ಜಿನ್‌ಪಿಂಗ್ ಆಡಳಿತ ಭ್ರಷ್ಟಾಚಾರ ಮತ್ತು ದುಂದುವೆಚ್ಚದ ಮೇಲೆ ಹರಿಹಾಯ್ದ ಕಾಲ ಅದು. ಅಧಿಕಾರಿಗಳು ಲಕ್ಷುರಿ ಊಟ ಮಾಡುತ್ತಾ ಜನರ ಕಣ್ಣಿಗೆ ಬೀಳಬಾರದಿತ್ತು. ಶಾರ್ಕ್ ಮೇಲಿನ ಕರುಣೆಗಿಂತ ಖಜಾನೆಯ ಮೇಲಿನ ಕಾಳಜಿಯೇ ದೊಡ್ಡದು. ಸಮುದ್ರದಲ್ಲಿ ಗಸ್ತು ಹೊಡೆದ ಎಷ್ಟೋ ಹಡಗುಗಳು ಮಾಡದ ಕೆಲಸವನ್ನು ಬೀಜಿಂಗಿನ ಒಂದು ಸುತ್ತೋಲೆ ಮಾಡಿತು ಎಂದರೆ ಉತ್ಪ್ರೇಕ್ಷೆ ಆಗಲಿಕ್ಕಿಲ್ಲ.

ಪಶ್ಚಿಮದವರು ನಂತರ ಮಾರಾಟಕ್ಕೇ ಬಾಗಿಲು ಹಾಕಿದರು. ಅಮೆರಿಕದಲ್ಲಿ ಹವಾಯಿ ರಾಜ್ಯ 2010ರಲ್ಲಿ ಶುರು ಮಾಡಿತು, ಇಡೀ ದೇಶಕ್ಕೆ ಕಾನೂನು ಬಂದದ್ದು 2022ರ ಡಿಸೆಂಬರ್‌ನಲ್ಲಿ, ಅದೂ ರಕ್ಷಣಾ ಬಜೆಟ್ ಮಸೂದೆಯ ಬಾಲಕ್ಕೆ ಕಟ್ಟಿಕೊಂಡು. ಕೆನಡಾ 2019ರಲ್ಲಿ ಆಮದು, ರಫ್ತು ಎರಡನ್ನೂ ನಿಲ್ಲಿಸಿತು. ಬ್ರಿಟನ್ 2023ರಲ್ಲಿ ಕಾಯ್ದೆ ಮಾಡಿತು. ಅಲ್ಲಿಯವರೆಗೆ ಸ್ವಂತ ಬಳಕೆಗೆ ಎಂದು ಒಬ್ಬರು 20 ಕಿಲೋ ಒಣ ರೆಕ್ಕೆ ತರಬಹುದಿತ್ತು. ಇಪ್ಪತ್ತು ಕಿಲೋ! ಯಾರ ಮನೆಯ ಅಡುಗೆಗೆ ಅಷ್ಟು ಬೇಕು?

2022ರ ಪನಾಮಾ ಸಭೆಯಲ್ಲಿ ಸೈಟಿಸ್ ತನ್ನ ದೊಡ್ಡ ಹೆಜ್ಜೆ ಇಟ್ಟಿತು. ರೆಕ್ಕೆ ವ್ಯಾಪಾರದಲ್ಲಿ ಹೆಚ್ಚಾಗಿ ಬರುವ ರೆಕ್ವಿಯಮ್ ಶಾರ್ಕ್‌ಗಳ ಇಡೀ ಕುಟುಂಬ, ಉಳಿದಿದ್ದ ಹ್ಯಾಮರ್‌ಹೆಡ್‌ಗಳು ಎರಡನೇ ಪಟ್ಟಿಗೆ ಬಂದವು. ಇಷ್ಟು ದಿನ ಇದು ಪಟ್ಟಿಯಲ್ಲಿಲ್ಲದ ಜಾತಿ ಎಂದು ಹೇಳಿ ಸಾಗಿಸುತ್ತಿದ್ದ ನೆಪ ಬಹುಮಟ್ಟಿಗೆ ಮುಗಿಯಿತು. ಅದೇ ವರ್ಷದ ಕೊನೆಗೆ ಭಾರತದ ಸಂಸತ್ತು ವನ್ಯಜೀವಿ ಕಾಯ್ದೆ ತಿದ್ದಿ ಸೈಟಿಸ್ ಜೀವಿಗಳಿಗೆ ಪ್ರತ್ಯೇಕ ಅನುಸೂಚಿ ಮಾಡಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ಇಷ್ಟೆಲ್ಲ ಕಾನೂನುಗಳ ಫಲ ಏನು? 2024ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸಾಗರ ವಿಜ್ಞಾನಿ ಬೋರಿಸ್ ವರ್ಮ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. 2012ರಲ್ಲಿ ಮೀನುಗಾರಿಕೆಯಿಂದ ಸತ್ತ ಶಾರ್ಕ್‌ಗಳು ಕನಿಷ್ಠ 7.6 ಕೋಟಿ. 2019ರಲ್ಲಿ 8 ಕೋಟಿ. ಇವುಗಳಲ್ಲಿ ಸುಮಾರು 2.5 ಕೋಟಿ ಅಪಾಯದಲ್ಲಿರುವ ಜಾತಿಗಳವು. ತೆರೆದ ಸಾಗರದಲ್ಲಿ ಸಾವು ಶೇ 7ರಷ್ಟು ಇಳಿದಿತ್ತು, ಕರಾವಳಿ ನೀರಿನಲ್ಲಿ ಶೇ 4ರಷ್ಟು ಏರಿತ್ತು. ಫಿನ್ನಿಂಗ್ ತಡೆಯುವ ಕಾನೂನುಗಳು ಸಾವು ಕಡಿಮೆ ಮಾಡಿಲ್ಲ ಎಂದು ಅವರು ನೇರವಾಗಿ ಬರೆದರು.

ಇದು ವಿಚಿತ್ರ ಅನ್ನಿಸಿದರೂ ಕಾರಣ ಸರಳ. ದೇಹವನ್ನೂ ತನ್ನಿ ಎಂದಿತು ಕಾನೂನು. ತಂದರು. ತಂದ ಮೇಲೆ ಮಾರಲೇಬೇಕಲ್ಲ. ಶಾರ್ಕ್ ಮಾಂಸಕ್ಕೆ ಮಾರುಕಟ್ಟೆ ಬೆಳೆಯಿತು. ಬ್ರೆಜಿಲ್‌ನಂಥ ದೇಶಗಳಲ್ಲಿ ಅದು ಬೇರೆ ಹೆಸರಿನಲ್ಲಿ ಅಗ್ಗದ ಮೀನಾಗಿ ಮಾರಾಟವಾಗುತ್ತದೆ. ಕ್ರೌರ್ಯ ಕಡಿಮೆಯಾಯಿತು, ಅದು ಸಣ್ಣ ವಿಷಯವಲ್ಲ. ಆದರೆ ಹಿಡಿಯುವುದು ಕಡಿಮೆಯಾಗಲಿಲ್ಲ.

ಹಾಗಾದರೆ ಯಾವುದು ಫಲ ಕೊಟ್ಟಿದೆ? ಅದೇ ಅಧ್ಯಯನ ಹೇಳುವಂತೆ, ಒಂದು ಪ್ರದೇಶದಲ್ಲಿ ಶಾರ್ಕ್ ಹಿಡಿಯುವುದನ್ನೇ ಅಥವಾ ಸಿಕ್ಕರೂ ಇಟ್ಟುಕೊಳ್ಳುವುದನ್ನೇ ನಿಲ್ಲಿಸಿದ ಕಡೆ ಒಂದಿಷ್ಟು ಯಶಸ್ಸು ಇದೆ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2009ರಲ್ಲಿ ತನ್ನ ಸಮುದ್ರವನ್ನೆಲ್ಲ ಶಾರ್ಕ್ ಅಭಯಧಾಮ ಮಾಡಿತು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ಶಾರ್ಕ್ ನೋಡಲೆಂದೇ ನೀರಿಗಿಳಿಯುವ ಪ್ರವಾಸಿಗರಿಂದ ಅದಕ್ಕೆ ದುಡ್ಡು ಬರುತ್ತದೆ. ಅಲ್ಲಿ ಟ್ಯೂನಾವನ್ನು ಬಹುತೇಕ ಕೋಲು ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ, ಶಾರ್ಕ್ ಸಿಗುವುದೇ ಕಮ್ಮಿ. ಮಾಲ್ಡೀವ್ಸ್ ಮಾಡಿತು, ನಾವೂ ಮಾಡೋಣ ಎನ್ನುವವರು ಈ ವ್ಯತ್ಯಾಸವನ್ನು ಮರೆಯಬಾರದು. ದೋಣಿ ಎಳೆದುಕೊಂಡು ಹೋಗುವ ನಮ್ಮ ಟ್ರಾಲ್ ಬಲೆಗೆ ಆಯ್ಕೆ ಗೊತ್ತಿಲ್ಲ.

ನಮ್ಮಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. ಗುಜರಾತಿನ ವೆರಾವಲ್ ಸುತ್ತ ಒಂದು ಕಾಲದಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಯಕೃತ್ತಿನ ಎಣ್ಣೆಗಾಗಿ, ಆಮೇಲೆ ಮಾಂಸ ಮತ್ತು ರೆಕ್ಕೆಯ ರಫ್ತಿಗಾಗಿ ಕೊಲ್ಲುತ್ತಿದ್ದರು. 2001ರಲ್ಲಿ ನಿಷೇಧ ಬಂದ ಮೇಲೂ ಕಾನೂನು ಕಾಗದದಲ್ಲೇ ಇತ್ತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಪ್ರಚಾರ ಶುರು ಮಾಡಿತು. ರಾಮಕಥೆಯ ಮೊರಾರಿ ಬಾಪು ಅದಕ್ಕೆ ಮುಖವಾದರು. ಹೆರಿಗೆಗೆ ತವರಿಗೆ ಬರುವ ಮಗಳು ಈ ಮೀನು ಎಂದರು. ಆ ಮಾತು ತಟ್ಟಿತು. ಆದರೆ ಬರೀ ಮಾತಿನಿಂದ ಆದದ್ದಲ್ಲ. ಶಾರ್ಕ್ ಬಿಡಿಸಲು ಬಲೆ ಕತ್ತರಿಸಿದರೆ ಅರಣ್ಯ ಇಲಾಖೆ 25,000 ರೂಪಾಯಿವರೆಗೆ ಪರಿಹಾರ ಕೊಡತೊಡಗಿತು. ಅಧಿಕಾರಿ ಬಂದು ನೋಡುವವರೆಗೆ ಕಾಯುವುದು ತಪ್ಪಲಿ ಎಂದು ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಫೋಟೊ ತೆಗೆದು ತಕ್ಷಣ ಬಿಟ್ಟರೆ ಸಾಕು. ನೂರಾರು ತಿಮಿಂಗಿಲ ಶಾರ್ಕ್‌ಗಳು ಹೀಗೆ ಬಲೆಯಿಂದ ಸಮುದ್ರಕ್ಕೆ ಮರಳಿವೆ.

ಅಲ್ಲಿ ಅದು ನಡೆದದ್ದು ತಿಮಿಂಗಿಲ ಶಾರ್ಕ್ ಬಸ್ಸಿನಷ್ಟು ದೊಡ್ಡದು, ಯಾರಿಗೂ ಗುರುತು ಸಿಗುತ್ತದೆ, ಬಲೆಯಲ್ಲಿ ಸಿಕ್ಕರೂ ಬೇಗ ಸಾಯುವುದಿಲ್ಲ ಎನ್ನುವ ಕಾರಣಕ್ಕೆ. ಮಂಗಳೂರು, ಮಲ್ಪೆ, ಗಂಗೊಳ್ಳಿಯ ಟ್ರಾಲ್ ದೋಣಿಗಳ ಬಲೆಯಲ್ಲಿ ಬರುವುದು ಮೊಳದುದ್ದದ ಮರಿಗಳು. ಬಲೆ ಮೇಲೆ ಬರುವಷ್ಟರಲ್ಲಿ ಎಷ್ಟೋ ಮರಿಗಳು ಸತ್ತೇ ಇರುತ್ತವೆ. ಸತ್ತ ಮೀನಿಗೆ ಬಿಡುಗಡೆಯ ನಿಯಮ ಬರೆದು ಏನು ಮಾಡುವುದು? ಯಾವ ತಿಂಗಳು ಯಾವ ಜಾಗದಲ್ಲಿ ಮರಿಗಳು ಜಾಸ್ತಿ ಇರುತ್ತವೆ, ಅಲ್ಲಿಗೆ ಬಲೆ ಹೋಗದ ಹಾಗೆ ಮಾಡುವುದು ಹೇಗೆ, ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು, ಕಳೆದುಕೊಂಡ ದಿನದ ದುಡಿಮೆಗೆ ಯಾರು ಕೊಡುತ್ತಾರೆ, ಇವು ಕೇಳಬೇಕಾದ ಪ್ರಶ್ನೆಗಳು. ಅದನ್ನು ತೀರ್ಮಾನಿಸಬೇಕಾದವರು ಒಂದು ಕಡೆ ಇಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ 1986ರ ಕರ್ನಾಟಕ ಕಾಯ್ದೆಯಡಿ ರಾಜ್ಯದ ಮೀನುಗಾರಿಕಾ ಇಲಾಖೆಯದು. ಅದರಾಚೆ ಕೇಂದ್ರದ್ದು. ಯಾವ ಶಾರ್ಕ್ ಮುಟ್ಟಬಾರದು ಎನ್ನುವ ಪಟ್ಟಿ ಪರಿಸರ ಸಚಿವಾಲಯದ್ದು, ಅದನ್ನು ಜಾರಿ ಮಾಡಬೇಕಾದದ್ದು ಅರಣ್ಯ ಇಲಾಖೆ. ರೆಕ್ಕೆಯ ರಫ್ತು ವಾಣಿಜ್ಯ ಸಚಿವಾಲಯದ ಪಾಲಿಗೆ. ಈ ಎಲ್ಲ ಕಡೆಗಳಲ್ಲಿ ಬಲೆಯ ಬಗ್ಗೆ ಮಾತಾಡಲು ಅಧಿಕಾರ ಇರುವುದು ಮೀನುಗಾರಿಕೆಯವರಿಗೆ, ಶಾರ್ಕ್ ಬಗ್ಗೆ ಇಷ್ಟು ವರ್ಷ ಜಾಸ್ತಿ ಮಾತಾಡಿದ್ದು ಉಳಿದವರು.